ಹರವಿ ಖಾಲಿ ಮಾಡಿದ ಸೊಸೆ

ಮದುವೆಯಾಗಿ ಶಿರಹಟ್ಟಿಗೆ ಬಂದ ಮಾರನೆಯ ದಿನ ಸಂಜೆಯೊಳಗೆ ನಾನು ಅತ್ತೆಯ ಮನೆಯ ಹರವಿ ಖಾಲಿ ಮಾಡಿದೆ. ಹರವಿ ಎಂದರೆ ನಮ್ಮ ಕಡೆ ಕುಡಿಯುವ ನೀರು ತುಂಬಿಡುವ ದೊಡ್ಡ ಮಣ್ಣಿನ ಗಡಿಗೆ. ಅತ್ತೆ ನೀಲವ್ವ ದೀಪ ಹಚ್ಚುವ ಮೊದಲು ತಂಬಿಗೆ ಅದ್ದಿದರೆ ಅದು ತಳಕ್ಕೆ ಬಡಿದು ಸದ್ದಾಯಿತು. ಅವರು ಬಗ್ಗಿ ಹರವಿಯ ಬುಡ ಮುಟ್ಟಿ ನೋಡಿದರು. ನೆಲ ಒಣಗಿತ್ತು.

"ಬಸ್ಯಾ, ಹರವಿ ಸೀಳೈತೇನು ನೋಡೊ," ಎಂದು ನನ್ನ ಗಂಡನನ್ನು ಕರೆದರು.

"ನಾನ ಕುಡದೆನ್ರಿ, ಅತ್ತಿ," ಎಂದೆ.

"ಎಲ್ಲಾ?"

"ಹೂಂನ್ರಿ."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಬಿಸಲಾಗ ಬಂದೀಯಲ್ಲ, ಇರ್ಲಿ ಬಿಡು," ಎಂದರು. ಮರುದಿನವೂ ಹಾಗೇ ಆಯಿತು. ನಾಲ್ಕನೆಯ ದಿನದ ಹೊತ್ತಿಗೆ ಬಿಸಿಲಿನ ನೆಪ ಮುಗಿದಿತ್ತು.

ನಾನು ಹುಟ್ಟಿ ಬೆಳೆದದ್ದು ಬೆಟಗೇರಿಯ ನೇಕಾರರ ಓಣಿಯಲ್ಲಿ. ಅಪ್ಪ ಫಕೀರಪ್ಪ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂಡುವ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಅವನ ಬಲಗಡೆ ಒಂದು ಕೊಡ ನೀರು ಸದಾ ಇರುತ್ತಿತ್ತು. ಒಂದಿಷ್ಟು ನೇಯ್ದು ಒಂದು ತಂಬಿಗೆ ಕುಡಿಯುವುದು, ಎದ್ದು ಹಿತ್ತಲಿಗೆ ಹೋಗಿ ಬರುವುದು, ಮತ್ತೆ ಕೂಡುವುದು ಅವನ ಕೆಲಸದ ಲಯವಾಗಿತ್ತು. ಚಿಕ್ಕವಳಿದ್ದಾಗಿನಿಂದ ನನಗೂ ಬೇರೆ ಗಡಿಗೆ. ಬೇರೆ ಮನೆಗಳಲ್ಲಿ 'ನಮ್ಮವರು ಎತ್ತರ', 'ನಮ್ಮವರು ಕಪ್ಪು' ಎನ್ನುವಂತೆ ಅವ್ವ "ನಮ್ಮ ಮನಿತನಕ್ಕ ನೀರು ಹೆಚ್ಚು" ಎನ್ನುತ್ತಿದ್ದಳು. ಒಂದೇ ಮನೆಯಲ್ಲಿ ಇಬ್ಬರು ಕುಂಟಿದರೆ ಅದು ರೋಗ ಎನಿಸುವುದಿಲ್ಲ, ಆ ಮನೆಯ ನಡಿಗೆ ಎನಿಸಿಕೊಳ್ಳುತ್ತದೆ.

ಆದರೆ ಗದಗ-ಬೆಟಗೇರಿಯಲ್ಲಿ ನಳಕ್ಕೆ ನೀರು ಬರುವುದು ಅದರ ಮನಸ್ಸು ಬಂದಾಗ. ನಮ್ಮನ್ನು ಸಾಕಿದ್ದು ಪಕ್ಕದ ಮನೆಯ ಹುಸೇನಬಿ ಚಾಚಿಯ ಬಾವಿ. ನನ್ನ ಮದುವೆ ಗೊತ್ತಾದಾಗ ಚಾಚಿ ಅವ್ವನಿಗೆ ಹೇಳಿದ್ದಳು: "ಹುಡುಗಿ ಕೊಡೋ ಮನ್ಯಾಗ ಬಾವಿ ಐತೇನು ಕೇಳು. ಬಂಗಾರದ ಮಾತು ಆಮ್ಯಾಲೆ." ಅವ್ವ ನಕ್ಕಳು. ಕೇಳಲಿಲ್ಲ.

ಶಿರಹಟ್ಟಿಯ ಮನೆಯಲ್ಲಿ ಬಾವಿ ಇರಲಿಲ್ಲ. ಓಣಿಯ ಕೊನೆಯ ಬಾವಿಯಿಂದ ಅತ್ತೆ ಹೊತ್ತು ತರಬೇಕಿತ್ತು. ನನ್ನ ಗಂಡ ಬಸವರಾಜ ಟೇಲರ್. ಅಂಗಡಿಗೆ ಹೋಗುವ ಮೊದಲು ಎರಡು ಕೊಡ, ಊಟಕ್ಕೆ ಬಂದಾಗ ಎರಡು ಕೊಡ ತರತೊಡಗಿದರು. ಹೊಸ ಮದುಮಗ ಹೆಗಲ ಮೇಲೆ ಕೊಡ ಹೊತ್ತು ಓಡಾಡುವುದನ್ನು ಓಣಿಯೆಲ್ಲ ನೋಡಿತು. "ನೀಲವ್ವನ ಸೊಸಿ ಹೊಟ್ಟ್ಯಾಗ ಬಾವಿ ಐತಂತ," ಎಂಬ ಮಾತು ಹಬ್ಬಿತು. ಬಾವಿಯ ಬಳಿ ಹೆಂಗಸರು ನನ್ನನ್ನು ಕಂಡು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಕುಡಿದದ್ದೆಲ್ಲ ಹೊರಗೂ ಹೋಗಬೇಕಲ್ಲ; ನಾನು ಹಿತ್ತಲಿಗೆ ಹೋಗುವ ಲೆಕ್ಕವನ್ನೂ ಯಾರೋ ಇಟ್ಟಿದ್ದರು. ನಾಚಿಕೆಯಾಗಿ ಕಡಿಮೆ ಕುಡಿಯಲು ನೋಡಿದೆ. ನಾಲಿಗೆ ಚಕ್ಕಳವಾಗುತ್ತಿತ್ತು. ಮತ್ತೆ ಕದ್ದು ಕುಡಿಯುತ್ತಿದ್ದೆ. ನೀರನ್ನು ಕದ್ದು ಕುಡಿದವಳು ನಾನೊಬ್ಬಳೇ ಇರಬೇಕು.

ಅತ್ತೆಗೆ ಸಕ್ಕರೆ ರೋಗದ ಸಂಶಯ ಬಂತು. ನನ್ನನ್ನು ಲಕ್ಷ್ಮೇಶ್ವರದ ಒಬ್ಬ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ದಾರಿಯಲ್ಲಿ ಒಮ್ಮೆ ಬಸ್ಸು ನಿಲ್ಲಿಸಬೇಕಾಯಿತು. ಅತ್ತೆ ಕಂಡಕ್ಟರನಿಗೆ, "ಹುಡುಗಿಗಿ ಆರಾಮಿಲ್ಲ, ಒಂಚೂರು ನಿಲ್ಲಸಪಾ," ಎಂದು ಹೇಳಿ ತಾವೂ ನನ್ನೊಡನೆ ಇಳಿದು ಜಾಲಿಕಂಟಿಯ ಮರೆಯಲ್ಲಿ ಸೆರಗು ಅಗಲಿಸಿ ನಿಂತರು. ಆ ಹೆಂಗಸಿನ ಮೇಲೆ ನನಗೆ ಮೊದಲ ಬಾರಿ ಪ್ರೀತಿ ಹುಟ್ಟಿದ್ದು ಅಲ್ಲೇ.

ಡಾಕ್ಟರು ಗಾಜಿನ ನಳಿಗೆಯಲ್ಲಿ ನೀಲಿ ಔಷಧ ಹಾಕಿ, ನನ್ನ ಮೂತ್ರದ ಹನಿ ಬೆರೆಸಿ, ದೀಪದ ಮೇಲೆ ಹಿಡಿದರು. ಸಕ್ಕರೆ ಇದ್ದರೆ ಅದು ಹಸಿರಾಗಿ, ಹಳದಿಯಾಗಿ, ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದಂತೆ. ನಾವಿಬ್ಬರೂ ಬಗ್ಗಿ ನೋಡಿದೆವು. ನೀಲಿ ನೀಲಿಯಾಗೇ ಕುದಿಯಿತು.

"ಸಕ್ರಿ ಇಲ್ಲ," ಎಂದರು ಡಾಕ್ಟರು. "ಇದು ಚಟ. ಮನಸಿನ ಚಟ. ದಿನಾ ಒಂದೊಂದು ತಂಬಿಗಿ ಕಡಿಮಿ ಮಾಡ್ರಿ, ತಾನ ಬಿಡತೈತಿ."

ಸಕ್ಕರೆ ರೋಗವಿಲ್ಲವೆಂಬ ಸಂತೋಷಕ್ಕೆ ಅತ್ತೆ ಬಸ್‌ಸ್ಟ್ಯಾಂಡಿನಲ್ಲಿ ನನಗೆ ಪೇಡೆ ಕೊಡಿಸಿದರು.

ಮರುದಿನದಿಂದ ಕಡಿತ ಶುರುವಾಯಿತು. ಅತ್ತೆಯದು ಕ್ರೌರ್ಯವಲ್ಲ. ಡಾಕ್ಟರು ಹೇಳಿದ್ದನ್ನು ಅವರು ಶ್ರದ್ಧೆಯಿಂದ ಮಾಡಿದರು, ಅಷ್ಟೆ. ಒಂದೊಂದೇ ತಂಬಿಗೆ ಬಿಡಿಸಿದರೆ ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದು ಒಮ್ಮೆಲೇ ಹೊತ್ತಿಗೆ ಒಂದು ತಂಬಿಗೆ ಎಂದು ನಿಗದಿ ಮಾಡಿದರು. ಹರವಿಯನ್ನು ಒಳಕೋಣೆಗೆ ಸರಿಸಿದರು. ಮೊದಲ ದಿನ ಹೇಗೋ ಕಳೆದೆ. ಎರಡನೆಯ ದಿನ ಬೆಳಿಗ್ಗೆ ಮೈ ಬಿಸಿಯಾಗಿತ್ತು, ಬೆವರಿರಲಿಲ್ಲ. ಜೋಳ ಹಸನು ಮಾಡುತ್ತ ಕುಳಿತವಳಿಗೆ ಮೊರದಲ್ಲಿನ ಕಾಳು ಹರಿಯುವಂತೆ ಕಂಡವು. ಅತ್ತೆ ಏನೋ ಕೇಳಿದರು. ಉತ್ತರ ಹೇಳಲು ಹೋದರೆ ನಾಲಿಗೆ ಹೊರಳಲಿಲ್ಲ. ಆಮೇಲೆ ನೆನಪಿರುವುದು, ನನ್ನ ತಲೆ ಗಂಡನ ತೊಡೆಯ ಮೇಲಿತ್ತು, ಅವರು ತಂಬಿಗೆಯನ್ನು ತುಟಿಗೆ ಹಿಡಿದಿದ್ದರು. ಕುಡಿದೆ. ಕುಡಿಯುತ್ತಲೇ ಇದ್ದೆ. ತಂಬಿಗೆ ತುಂಬಿ ತುಂಬಿ ಕೊಡುತ್ತಿದ್ದವರು ಅತ್ತೆ. ಅವಸರಕ್ಕೆ ನೀರು ತುಳುಕಿ ನನ್ನ ಕುತ್ತಿಗೆಗೆ ಇಳಿಯುತ್ತಿತ್ತು.

ಎದ್ದು ಕೂಡುವಷ್ಟಾದ ಮೇಲೆ ಅತ್ತೆ ಹೇಳಿದರು: "ಸೆರೆ ಚಟ ನೋಡೀನಿ, ತಂಬಾಕದ ಚಟ ನೋಡೀನಿ. ಚಟ ಇದ್ದಾವ್ರು ಎರಡು ದಿನಕ್ಕ ಹಿಂಗ ಬೀಳೂದಿಲ್ಲ. ಇದು ಚಟ ಅಲ್ಲ." ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, "ನಂದು ತಪ್ಪಾತವಾ," ಎಂದರು.

ಹಿರಿಯರೊಬ್ಬರು ನನಗೆ ಆ ಮಾತು ಹೇಳಿದ್ದನ್ನು ನಾನು ಅಲ್ಲಿಯತನಕ ಕೇಳಿರಲಿಲ್ಲ. "ಇನ್ನೊಂದು ತಂಬಿಗಿ ಕೊಡ್ರಿ," ಎಂದೆ. ಅಳುತ್ತಿದ್ದ ಅತ್ತೆಗೆ ನಗು ಬಂತು.

ಅಂದಿನಿಂದ ನನ್ನ ಬಾಯಾರಿಕೆ ಅವರ ಕೆಲಸವಾಯಿತು. ಯಾರೋ ಗದಗಿನಲ್ಲಿ ಹೊಸದಾಗಿ ದವಾಖಾನೆ ತೆರೆದ ಒಬ್ಬ ತರುಣ ಡಾಕ್ಟರರ ಹೆಸರು ಹೇಳಿದರು. ಅತ್ತೆ ಮತ್ತು ನಾನು ಒಂದು ಕೊಡ ಹೊತ್ತುಕೊಂಡೇ ಹೋದೆವು. ದವಾಖಾನೆಯ ಬಾಕಿನ ಮೇಲೆ ಕುಳಿತ ಎಲ್ಲರಿಗೂ ಏನಾದರೊಂದು ಬೇನೆ ಕಾಣುವಂತಿತ್ತು: ಕಟ್ಟಿದ ಕಾಲು, ಊದಿದ ಗಲ್ಲ, ಅಳುವ ಕೂಸು. ನನಗೆ ಮಾತ್ರ ಕೊಡ. "ಯಾವ ದೇವ್ರ ತೀರ್ಥ ಇದು, ನಮಗೂ ಹಾಕ್ರಿ," ಎಂದು ಒಬ್ಬ ಮುದುಕ ಕೈ ಒಡ್ಡಿದ. ಅತ್ತೆ ನಿಜವಾಗಿಯೂ ಹಾಕಿದರು. ಅವನು ಕುಡಿದು ತಲೆಗೂ ಸವರಿಕೊಂಡ.

ಆ ಡಾಕ್ಟರು ಅರ್ಧ ತಾಸು ನನ್ನ ಮಾತು ಕೇಳಿ ಒಂದು ಪ್ರಶ್ನೆ ಕೇಳಿದರು: "ನಿಮ್ಮ ಮನ್ಯಾಗ ಮತ್ತ ಯಾರರ ಹಿಂಗ ಕುಡೀತಾರೇನು?"

"ನಮ್ಮಪ್ಪ ಕುಡೀತಾನ್ರಿ."

ಅವರು ಪೆನ್ನು ಕೆಳಗಿಟ್ಟರು. "ಈಗಿಂದೀಗ ಕರಸಾಕ ಆಗತೈತೇನು?"

ಬೆಟಗೇರಿ ದೂರವೇನಲ್ಲ. ಅಪ್ಪ ಮಧ್ಯಾಹ್ನದೊಳಗೆ ಬಂದ, ತನ್ನ ಕೊಡದ ಸಮೇತ. ತಂದೆ ಮಗಳನ್ನೂ ಎರಡು ಕೊಡಗಳನ್ನೂ ಎದುರಿಗೆ ನೋಡಿ ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಗಂಭೀರವಾಗಿ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು.

ಅಲ್ಲಿ ಮಾಡಿದ ಪರೀಕ್ಷೆ ಕೇಳಲು ಸರಳ. ಬೆಳಿಗ್ಗೆಯಿಂದ ಒಂದು ಹನಿ ನೀರು ಕೊಡುವುದಿಲ್ಲ. ತಾಸಿಗೊಮ್ಮೆ ತೂಕ ಮಾಡುತ್ತಾರೆ, ಮೂತ್ರ ಅಳೆಯುತ್ತಾರೆ. ಕದ್ದು ಕುಡಿಯದಂತೆ ನರ್ಸೊಬ್ಬರು ಪಕ್ಕದಲ್ಲೇ ಕೂಡುತ್ತಾರೆ. ಕೈ ತೊಳೆಯಲು ಹೋದರೂ ಹಿಂದೆ ಬರುತ್ತಾರೆ. ಮೊರದ ಮುಂದೆ ಬಿದ್ದ ದಿನ ಕಣ್ಣೆದುರಿಗೇ ಇತ್ತು. ನನಗೆ ಅಳು ಬಂತು. ಅಪ್ಪ ಪಕ್ಕದ ಮಂಚದ ಮೇಲಿದ್ದ. ಮೊದಲ ಎರಡು ತಾಸು ನರ್ಸಿಗೆ ಸೀರೆಯ ಅಂಚುಗಳ ಬಗ್ಗೆ ಹೇಳುತ್ತ ನಗಿಸಿದ. ಮೂರನೆಯ ತಾಸಿಗೆ ಅವನ ಮಾತು ಕಡಿಮೆಯಾಯಿತು. ತುಟಿ ಬಿರಿದಿದ್ದವು.

"ಸರೂ," ಎಂದ. "ಮಗ್ಗದ ಮ್ಯಾಲೆ ಕುಂತೀನಂತ ತಿಳ್ಕೊ ಯವ್ವಾ. ಪೂರಾ ಸೀರಿ ವಿಚಾರ ಮಾಡಬ್ಯಾಡ. ಒಂದು ಗೇಣು ಆತು, ಇನ್ನೊಂದು ಗೇಣು, ಅಷ್ಟ."

ಗೇಣು ಗೇಣಾಗಿ ಆ ಹೊತ್ತು ಸರಿಯಿತು. ಅತ್ತೆ ಶಿರಹಟ್ಟಿಯಿಂದ ತಂದ ಕೊಡಕ್ಕೆ ಹಸಿಬಟ್ಟೆ ಸುತ್ತಿ ಹೊರಗೆ ಪಡಸಾಲೆಯಲ್ಲಿ ಕುಳಿತಿದ್ದರು. ನರ್ಸು ಎರಡು ಸಲ ಹೋಗಿ, "ದೂರ ಕುಂಡ್ರಿ ಅಜ್ಜಿ, ಪೇಶಂಟಿಗೆ ಕಾಣಸ್ತೈತಿ," ಎಂದು ಸರಿಸಿ ಬಂದರು. ನಮ್ಮಿಬ್ಬರ ತೂಕವೂ ಎರಡು ಕಿಲೊ ಇಳಿದಾಗ ಡಾಕ್ಟರು ಬಂದು, ನೀರು ಉಳಿಸುವಂತೆ ಮೂತ್ರಪಿಂಡಕ್ಕೆ ಹೇಳುವ ಒಂದು ಇಂಜೆಕ್ಷನ್ ಕೊಟ್ಟರು. ಮತ್ತೆ ಕಾದೆವು. ಆಮೇಲೆ ಅವರು ಗಾಜಿನ ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಒಳಗಿದ್ದದ್ದು ನೀರಿನಷ್ಟೇ ತಿಳಿಯಾಗಿತ್ತು.

"ಮೈ ಒಣಗಿದಾಗ ನೀರು ಉಳಸ್ಕೊ ಅಂತ ಮೆದುಳು ಹುಕುಂ ಕಳಸ್ತೈತಿ. ಹುಕುಂ ಬರೋದು ಬರತೈತಿ, ನಿಮ್ಮ ಕಿಡ್ನಿ ಕೇಳವಲ್ದು. ಯಾಕ ಅಂತ ನಮಗೂ ಪೂರ್ತಿ ಗೊತ್ತಿಲ್ಲ," ಎಂದರು. "ಇದು ಸಕ್ರಿ ರೋಗ ಅಲ್ಲ, ಹುಚ್ಚಲ್ಲ, ಚಟಾನೂ ಅಲ್ಲ. ತಂದಿಯಿಂದ ಮಗಳಿಗಿ ಬಂದೈತಿ. ಈಗ ಕುಡೀರಿ."

ಯಾರಾದರೂ ಕರೆಯುವ ಮೊದಲೇ ಅತ್ತೆ ಒಳಗೆ ಬಂದಿದ್ದರು. ನನಗೆ ಒಂದು ತಂಬಿಗೆ ಕೊಟ್ಟು, ಸೆರಗು ಸರಿಮಾಡಿಕೊಂಡು ಅಪ್ಪನತ್ತ ತಿರುಗಿ, "ಕುಡೀರಿ ಬೀಗರ," ಎಂದರು. ಅಪ್ಪ ಕುಡಿದು ಕಣ್ಣು ಮುಚ್ಚಿ, "ನಮ್ಮ ಮನಿತನದ ಗುಣ ಅಂತ ತಿಳಕೊಂಡಿದ್ದೆ. ಬ್ಯಾನಿ ಅಂತ ಈಗ ಗೊತ್ತಾತು," ಎಂದು ನಕ್ಕ. ಐವತ್ತೆರಡು ವರ್ಷ ರೋಗಿಯಾಗಿದ್ದೂ ಒಂದು ದಿನ ಮಗ್ಗ ಬಿಡದ ಮನುಷ್ಯ ಅವನು.

ಔಷಧದ ವಿಷಯ ಇನ್ನೂ ತಮಾಷೆ. ಗದಗಿನ ಡಾಕ್ಟರು ಕೊಟ್ಟ ಗುಳಿಗೆ ಬೇರೆಯವರಿಗೆ ಮೂತ್ರ ಹೆಚ್ಚು ಹೋಗಲೆಂದು ಕೊಡುವಂಥದ್ದು. ನಮ್ಮಂಥವರಿಗೆ ಅದೇ ಗುಳಿಗೆ ಮೂತ್ರ ಕಡಿಮೆ ಮಾಡುತ್ತದೆ. ಅತ್ತೆ ನಂಬಲಿಲ್ಲ. "ಹೊಳಿಗಿ ಮಳಿ ಸುರುವಿದ್ಹಂಗಾತಲ್ರಿ," ಎಂದರು. ಹದಿನೈದು ದಿನದಲ್ಲಿ ಹರವಿಯ ನೀರು ಮರುದಿನ ಬೆಳಗಿನ ತನಕ ಉಳಿದದ್ದನ್ನು ನೋಡಿ ಒಪ್ಪಿಕೊಂಡರು. ಗುಳಿಗೆಯ ಜೊತೆ ಉಪ್ಪು ಕಡಿಮೆ ಮಾಡಬೇಕಿತ್ತು. ಉಪ್ಪಿನಕಾಯಿ, ಹಪ್ಪಳ, ಮಿರ್ಚಿ ಭಜಿ ಬಿಡಬೇಕೆಂದಾಗ ನನಗಾದ ದುಃಖ ರೋಗದ ಹೆಸರು ಕೇಳಿದಾಗ ಆಗಿರಲಿಲ್ಲ. ಗದಗಿನ ಕಡೆ ಹುಟ್ಟಿ ಮಿರ್ಚಿ ಬಿಡುವುದೆಂದರೇನು ಎಂದು ಗೊತ್ತಿದ್ದವರಿಗೆ ಗೊತ್ತು. ನನ್ನೊಬ್ಬಳಿಗೆ ಬೇರೆ ಅಡುಗೆ ಮಾಡುವ ಬದಲು ಅತ್ತೆ ಎಲ್ಲರ ಅಡುಗೆಗೂ ಉಪ್ಪು ಕಡಿಮೆ ಹಾಕಿದರು. ನನ್ನ ಗಂಡ ಮೂರು ದಿನ ಮುಖ ಸಿಂಡರಿಸಿ ನಾಲ್ಕನೆಯ ದಿನದಿಂದ ಉಂಡರು. ಅಂಗಡಿಯಲ್ಲಿ ಭಜಿ ತರಿಸಿ ತಿನ್ನುತ್ತಿದ್ದರೆಂದು ನನಗೆ ಗೊತ್ತಿತ್ತು, ನಾನು ಕೇಳಲಿಲ್ಲ.

ಡಾಕ್ಟರು ಒಂದು ಪತ್ರವನ್ನೂ ಕೊಟ್ಟಿದ್ದರು: ಈಕೆಗೆ ಯಾವ ಕಾರಣಕ್ಕೂ ನೀರು ನಿಲ್ಲಿಸಬಾರದು, ಬಾಟಲಿ ಏರಿಸುವುದಿದ್ದರೆ ಉಪ್ಪುನೀರಿನದು ಬೇಡ, ಗ್ಲೂಕೋಸಿನದು ಏರಿಸಿ, ಎಂದು. ಅತ್ತೆಗೆ ಓದಲು ಬರುತ್ತಿರಲಿಲ್ಲ. ದಿನಾ ಸಂಜೆ ನನ್ನಿಂದ ಓದಿಸಿ ಓದಿಸಿ ಬಾಯಿಪಾಠ ಮಾಡಿಕೊಂಡರು.

ಅದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಎರಡು ವರ್ಷದ ಮೇಲೆ ನಾನು ಬಸುರಾದೆ. ಗುಳಿಗೆ ನಿಲ್ಲಿಸಿದರು, ಹರವಿ ಮತ್ತೆ ಖಾಲಿಯಾಗತೊಡಗಿತು. ಹೆರಿಗೆಯ ಬೇನೆ ಬಂದಾಗ ನಮ್ಮ ಡಾಕ್ಟರು ಪರವೂರಿಗೆ ಹೋಗಿದ್ದರು. ಗದಗಿನ ಒಂದು ಹೆರಿಗೆ ಆಸ್ಪತ್ರೆಗೆ ಸೇರಿಸಿದರು. ಕೂಸು ಅಡ್ಡ ಇರಬಹುದು, ಆಪರೇಷನ್ ಬೇಕಾಗಬಹುದು, ಬಾಯಿಗೆ ಏನೂ ಹಾಕಬೇಡಿ ಎಂದು ಅಲ್ಲಿನ ನರ್ಸಬಾಯಿ ನನ್ನ ತಂಬಿಗೆ ಕಸಿದುಕೊಂಡು ಹೋದಳು. ಗಡಿಬಿಡಿಯಲ್ಲಿ ಪತ್ರ ಶಿರಹಟ್ಟಿಯಲ್ಲೇ ಉಳಿದಿತ್ತು. ಒಂದು ತಾಸು ಕಳೆಯುವುದರೊಳಗೆ ನನ್ನ ಬಾಯಿ ಒಣಗಿ ಹೋಯಿತು. ಬೇನೆಗಿಂತ ಆ ಒಣಗು ನನಗೆ ಭಯ ಹುಟ್ಟಿಸಿತು. ಕೂಸೂ ನನ್ನೊಳಗೇ ಇತ್ತಲ್ಲ.

ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಹೆರಿಗೆ ಡಾಕ್ಟರಮ್ಮ ಬಂದಾಗ ಕೈ ಮುಗಿದು, ಶಾಲೆಯ ಹುಡುಗಿಯಂತೆ ನೆಟ್ಟಗೆ ನಿಂತು, ಪತ್ರವನ್ನು ಮೊದಲಿನಿಂದ ಕೊನೆಯತನಕ ಹೇಳಿದರು. ಪುಸ್ತಕದ ಕನ್ನಡದಲ್ಲಿ, ಒಂದಕ್ಷರ ಬಿಡದೆ, ಕೊನೆಗೆ "ಇಂತಿ ತಮ್ಮ ವಿಶ್ವಾಸಿ" ಎಂಬುದನ್ನೂ ಸೇರಿಸಿ. ಡಾಕ್ಟರಮ್ಮ ದಂಗಾಗಿ ಕೇಳಿದರು.

"ಯಾರು ಹೇಳಿದ್ದು ನಿಮಗ ಇದು?"

"ಡಾಕ್ಟರು ಬರದದ್ದರಿ. ಕಾಗದ ಮನ್ಯಾಗ ಐತಿ. ಸುಳ್ಳಾದ್ರ ನನ್ನ ಪೊಲೀಸರಿಗಿ ಕೊಡ್ರಿ, ಆದ್ರ ನೀರು ಕೊಡ್ರಿ."

ಡಾಕ್ಟರಮ್ಮ ಗ್ಲೂಕೋಸ್ ಬಾಟಲಿ ಹಚ್ಚಿಸಿದರು, ತಾವೇ ನನ್ನ ಬಾಯಿಗೆ ಚಮಚೆಯಿಂದ ನೀರು ಹಾಕಿದರು. ಆಪರೇಷನ್ ಬೇಕಾಗಲಿಲ್ಲ. ಮಗಳು ಹುಟ್ಟಿದಳು. ಅವಳಿಗೆ ಈ ರೋಗ ಬರುವ ಸಂಭವ ಅರ್ಧಕ್ಕರ್ಧ ಎಂದಿದ್ದರು. ಅತ್ತೆ ತಿಂಗಳುಗಟ್ಟಲೆ ಅವಳ ಒದ್ದೆ ಬಟ್ಟೆಗಳನ್ನು ಎಣಿಸಿದರು. ಬರಲಿಲ್ಲ. ಆಕೆ ದೊಡ್ಡವಳಾಗಿ ಊಟಕ್ಕೆ ಅರ್ಧ ಲೋಟ ಕುಡಿದು ಎದ್ದಾಗ, "ಇಕಿ ಯಾರ ಹಂಗ ಹುಟ್ಟ್ಯಾಳೊ," ಎಂದು ಅತ್ತೆ ಗೊಣಗುತ್ತಿದ್ದರು.

ಎಷ್ಟೋ ವರ್ಷಗಳ ಮೇಲೆ, ಅದೇ ಗದಗಿನ ಡಾಕ್ಟರು ಒಂದು ದಿನ ನನಗೆ ಬರಹೇಳಿದರು. ಅತ್ತೆಯೂ ಹೊರಟರು. ಹೋದರೆ ಅಲ್ಲಿ ಬಾಕಿನ ಮೇಲೆ ಐವತ್ತರ ಸುಮಾರಿನ ಒಬ್ಬ ರೈತ, ಕಾಲ ಬಳಿ ಪ್ಲಾಸ್ಟಿಕ್ ಕೊಡ ಇಟ್ಟುಕೊಂಡು ಕುಳಿತಿದ್ದ. ಮುಂಡರಗಿ ತಾಲೂಕಿನ ಹಮ್ಮಿಗಿಯವನು, ಹೆಸರು ಯಲ್ಲಪ್ಪ. ತುಂಗಭದ್ರೆಯ ದಂಡೆಯ ಊರು ಅದು. ನಾನು ಪಕ್ಕದಲ್ಲಿ ಕುಳಿತು ನನ್ನ ತಂಬಿಗೆ ತೆಗೆದೆ. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ದನಿ ತಗ್ಗಿಸಿದ.

"ಅಕ್ಕಾರ, ನೀವು ದಿನಕ್ಕ ಎಷ್ಟು ಕುಡೀತೀರಿ?"

"ಗುಳಿಗಿ ತಗೊಂಡ್ರ ಅರ್ಧ ಕೊಡ. ಇಲ್ಲಂದ್ರ ಒಂದಕ್ಕಿಂತ ಹೆಚ್ಚು."

ಅವನು ತನ್ನ ಕೊಡವನ್ನು ನನ್ನ ಕಡೆ ಸರಿಸಿದ. "ನಾ ಒಬ್ಬನ ಅಂತ ತಿಳದಿದ್ದೆ," ಎಂದ. "ನಮ್ಮವ್ವ ಹಿಂಗ ಕುಡೀತಿದ್ಲು. ಆಕಿ ಹೋದ ಮ್ಯಾಲೆ ನಾ ಒಬ್ಬನ."

ಡಾಕ್ಟರು ನಮ್ಮನ್ನೆಲ್ಲ ಒಳಗೆ ಕರೆದು ಕೂಡಿಸಿದರು. ಹೊರದೇಶಗಳಲ್ಲಿ ಈ ರೋಗದ ಕಾರಣ ಕಂಡುಹಿಡಿದಿದ್ದಾರೆ ಎಂದರು. ಅವರ ಮುಖದಲ್ಲಿ ತಾವೇ ಕಂಡುಹಿಡಿದಷ್ಟು ಸಂತೋಷವಿತ್ತು.

"ಕಿಡ್ನ್ಯಾಗಿನ ಒಂದೊಂದು ಜೀವಕೋಶಾನೂ ಒಂದು ಸಣ್ಣ ಮನಿ ಅನ್ರಿ. ನೀರು ಒಳಗ ಎಳಕೊಳ್ಳೋ ನಳ ಆ ಮನಿ ಒಳಗ ತಯಾರಾಗತಾವ. ತಯಾರಾದ ನಳ ಮೂತ್ರ ಹರಿಯೋ ಕಡೀ ಗ್ವಾಡಿಗಿ ಹೋಗಿ ಕುಂಡ್ರಬೇಕು. ಎಲ್ಲಿಗಿ ಹೋಗಬೇಕು ಅನ್ನೋ ಗುರುತು ಆ ನಳದಾಗನ ಇರತೈತಿ. ಅದನ್ನ ನೋಡಿ ಜೀವಕೋಶ ಸಣ್ಣ ಸಣ್ಣ ಚೀಲದಾಗ ತುಂಬಿ ಸರಿಯಾದ ಗ್ವಾಡಿಗಿ ಮುಟ್ಟಸ್ತೈತಿ. ನಿಮ್ಮಂಥಾ ಕೆಲವು ಮನಿತನದಾಗ ಆ ಗುರುತು ತಪ್ಪಿರತೈತಿ. ನಳ ತಯಾರಾಗತೈತಿ, ಆದ್ರ ಬ್ಯಾರೆ ಗ್ವಾಡಿಗಿ ಹೋಗತೈತಿ, ಇಲ್ಲಾ ಒಳಗ ಎಲ್ಲೋ ಮೂಲ್ಯಾಗ ಉಳೀತೈತಿ. ಮೂತ್ರದಾಗಿನ ನೀರು ಹಂಗ ಹರದು ಹೋಗತೈತಿ."

"ತಾಯಿ ಕಡಿಂದ ಚೊಲೋ ನಳಾನೂ ಬಂದಿರಬೇಕಲ್ರಿ," ಎಂದೆ ನಾನು. ಅವ್ವನಿಗೆ ಈ ರೋಗ ಇರಲಿಲ್ಲವಲ್ಲ.

"ಬಂದಿರತೈತಿ. ಆದ್ರ ನಾಕು ನಾಕು ಕೂಡಿನ ಹೊಂಡತಾವ ಅವು. ದಾರಿ ತಪ್ಪಿದ್ದು ಒಂದು ಸೇರಿತಂದ್ರ ಸರಿ ಇದ್ದದ್ದನ್ನೂ ತನ್ನ ಜೊತಿ ಕರಕೊಂಡು ಹೋಗತೈತಿ."

"ಸಹವಾಸ ದೋಷ," ಎಂದರು ಅತ್ತೆ, ಎಲ್ಲ ತಿಳಿದವರಂತೆ.

ಡಾಕ್ಟರು ನಕ್ಕರು. "ನಿಮ್ಮಿಬ್ಬರದೂ ಹಿಂಗ ಇರಬೇಕು ಅಂತ ನನ್ನ ಅಂದಾಜು. ಖಾತ್ರಿ ಮಾಡೋ ಪರೀಕ್ಷಾ ನಮ್ಮಲ್ಲಿನ್ನೂ ಇಲ್ಲ. ಔಷಧ ಮಾತ್ರ ಮೊದಲಿನ ಗುಳಿಗೀನ."

ಔಷಧ ಬದಲಾಗದಿದ್ದರೂ ಆ ಮಾತು ನನಗೆ ಏನೋ ಮಾಡಿತು. ನನ್ನ ಮೈ ಕೆಲಸಗೇಡಿ ಎಂದು ಅಷ್ಟು ವರ್ಷ ಒಳಗೊಳಗೇ ಅಂದುಕೊಂಡಿದ್ದೆ. ಅದು ದಿನವಿಡೀ ನಳ ಮಾಡುತ್ತಲೇ ಇದೆ, ಮುಟ್ಟಿಸುವಲ್ಲಿ ತಪ್ಪುತ್ತಿದೆ ಎಂದು ಕೇಳಿದಾಗ ಅದರ ಮೇಲೆ ಒಂದು ಬಗೆಯ ಮರುಕ, ಮಮತೆ ಬಂತು. ಯಲ್ಲಪ್ಪನಿಗೆ ಅದೆಲ್ಲ ಎಷ್ಟು ಇಳಿಯಿತೋ ಗೊತ್ತಿಲ್ಲ. ಅವನಿಗೆ ಬೇಕಾದದ್ದು ಬೇರೆ ಇತ್ತು. ಡಾಕ್ಟರು ನನಗೆ ಬರಹೇಳಿದ್ದೂ ಅದಕ್ಕೇ. ಅವನು ಹೊಳೆ ಬಿಟ್ಟು ದೂರ ಹೋದವನೇ ಅಲ್ಲ; ಈ ದವಾಖಾನೆಗೂ ಬೇಕಾದಲ್ಲಿ ನಿಲ್ಲುವ ಊರವರ ಟ್ರ್ಯಾಕ್ಟರಿನಲ್ಲಿ ಬಂದಿದ್ದ. ಮಗಳನ್ನು ಲಕ್ಕುಂಡಿಗೆ ಕೊಟ್ಟಿದ್ದ. ಮೊಮ್ಮಗಳು ಹುಟ್ಟಿ ಐದು ತಿಂಗಳಾಗಿತ್ತು. ಬಸ್ಸಿನಲ್ಲಿ ಏನಾಗುತ್ತದೋ ಎಂಬ ಹೆದರಿಕೆಗೆ, ನಾಚಿಕೆಗೆ, ನೋಡಲು ಹೋಗಿರಲಿಲ್ಲ.

"ಬಾಗಲದ ಹತ್ತಿರ ಕುಂಡ್ರಬೇಕು," ಎಂದು ನಾನು ಶುರುಮಾಡಿದೆ. "ಹತ್ತೂ ಮೊದಲ ಡ್ರೈವರಗ ಹೇಳಿಬಿಡಬೇಕು. ಬಸ್ಸು ಬದಲಸೋ ಕಡೆ ಗಡಿಬಿಡಿ ಮಾಡಬಾರದು, ಒಂದು ಬಸ್ಸು ಹೋದ್ರ ಹೋಗಲಿ."

"ಮಗಳಿಗಿ ಮೊದಲ ಖಬರ ಕಳಸು," ಎಂದರು ಅತ್ತೆ. "ನೀರು ತುಂಬಿಸಿಡತಾಳ. ಮತ್ತ ನಾಚಬ್ಯಾಡ. ನಾಚಿ ಕುಂತ್ರ ಐದು ತಿಂಗಳ ಕೂಸು ಐದು ವರ್ಷದ್ದಾಗತೈತಿ."

ತಿಂಗಳು ಬಿಟ್ಟು ಗುಳಿಗೆಗೆಂದು ಹೋದಾಗ ಯಲ್ಲಪ್ಪ ಮತ್ತೆ ಸಿಕ್ಕ. ಕ್ಷೌರ ಮಾಡಿಸಿಕೊಂಡು ಹೊಸ ಅಂಗಿ ಹಾಕಿದ್ದ. ಲಕ್ಕುಂಡಿಗೆ ಹೋಗಿ ಎರಡು ದಿನ ಇದ್ದು ಬಂದಿದ್ದನಂತೆ. ಬಸ್ಸು ಎರಡು ಸಲ ನಿಲ್ಲಿಸಿದರಂತೆ. ಎರಡನೆಯ ಸಲ ಅವನೊಡನೆ ಇನ್ನೂ ನಾಲ್ಕು ಜನ ಇಳಿದರಂತೆ. ಮೊಮ್ಮಗಳು ಅವನ ಮೀಸೆ ಹಿಡಿದು ಬಿಡಲಿಲ್ಲವಂತೆ.

"ಮತ್ತ ಲಕ್ಕುಂಡಿ ಹೆಂಗನಸ್ತು?" ಎಂದು ಕೇಳಿದೆ.

"ಊರು ಚೊಲೋ ಐತ್ರಿ ಅಕ್ಕಾರ," ಎಂದ ಯಲ್ಲಪ್ಪ. ಹೊಳೆಯ ದಂಡೆಯವನಿಗೆ ಇರಬೇಕಾದ ಗತ್ತಿನಿಂದ ತುಸು ಮೂಗು ಮುರಿದು, "ನೀರು ಸವಳು, ಉಪ್ಪುಪ್ಪು," ಎಂದ. "ಆದ್ರೂ ಒಂದು ಹನಿ ಬಿಡಲಿಲ್ಲ."